ಕಣಕ್ಕೆ ಟ್ರ್ಯಾಕ್ಟರ್ ಬರುವ ಹೊತ್ತು: ಕೊಡಗಿನ ತೋಟಗಳಲ್ಲಿ ನಡೆದಾಡುವವರ ಸುರಕ್ಷತೆ

ಕೊಡಗಿನಲ್ಲಿ ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ, ಮೊದಲು ಅರೇಬಿಕಾ ಆಮೇಲೆ ರೊಬಸ್ಟಾ ಎಂದು ಕಾಫಿ ಕೊಯ್ಲು ನಡೆಯುವ ತಿಂಗಳುಗಳಲ್ಲಿ, ತೋಟದೊಳಗಿನ ದಾರಿಗಳಲ್ಲಿ ವಾಹನವೂ ಜನವೂ ಒಟ್ಟೊಟ್ಟಿಗೇ ಹೆಚ್ಚುತ್ತವೆ. ಬೆಳಿಗ್ಗೆ ಕೆಲಸಗಾರರನ್ನು ಇಳಿಸಲು ಬರುವ ಜೀಪು, ಮಧ್ಯಾಹ್ನ ಡೀಸೆಲ್ ಇಲ್ಲವೇ ಖಾಲಿ ಚೀಲ ತರುವ ಪಿಕಪ್, ಸಂಜೆ ಹಣ್ಣು ಸಾಗಿಸುವ ಟ್ರ್ಯಾಕ್ಟರ್, ಕತ್ತಲಾಗುವುದರೊಳಗೆ ಒಣ ಚೆರ್ರಿ ತುಂಬಿಕೊಂಡು ಕುಶಾಲನಗರದ ಕಡೆ ಹೊರಡಬೇಕಾದ ಲಾರಿ, ಇವೆಲ್ಲ ಓಡುವ ಹಾದಿಯೂ ಕೆಲಸಗಾರರು ನಡೆಯುವ, ಕೂರುವ, ಬುತ್ತಿ ಬಿಚ್ಚುವ ಜಾಗವೂ ಬಹುಪಾಲು ತೋಟಗಳಲ್ಲಿ ಒಂದೇ. ಊರ ರಸ್ತೆಗಾದರೆ ಹಂಪು ಹಾಕಿಸಿ, ಫಲಕ ನೆಡಿಸಿ ಎಂದು ಪಂಚಾಯಿತಿಗೆ ಮನವಿ ಕೊಡುವವರಿದ್ದಾರೆ. ತೋಟದ ಗೇಟು ದಾಟಿದ ಮೇಲೆ ಅದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಒಂದೇ ನೆಲವನ್ನು ಒಂದೇ ಹೊತ್ತಿಗೆ ಚಕ್ರಕ್ಕೂ ಕಾಲಿಗೂ ಬಿಟ್ಟಿರುವುದೇ ಇಲ್ಲಿನ ಅಪಾಯದ ಮೂಲ. ಚಾಲಕನ ಅಜಾಗರೂಕತೆ, ನಡೆಯುವವರ ಮೈಮರೆವು ಇವೆಲ್ಲ ಆಮೇಲಿನ ಮಾತು.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಎರಡು ಕಾರಣಗಳಿವೆ. ಮೊದಲನೆಯದು ಕೆಲಸಗಾರರಲ್ಲೇ ಆಗಿರುವ ಬದಲಾವಣೆ. ತೋಟದೊಳಗೇ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ತಲೆಮಾರುಗಳಿಂದ ಇದ್ದ ಕುಟುಂಬಗಳಿಗೆ ತೋಟದ ಪ್ರತಿ ತಿರುವೂ ಗೊತ್ತಿತ್ತು. ಯಾವ ಹೊತ್ತಿಗೆ ಯಾವ ವಾಹನ ಎಲ್ಲಿಂದ ಬರುತ್ತದೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಅನೇಕ ತೋಟಗಳಲ್ಲಿ ಲೈನ್ ಮನೆಗಳು ಖಾಲಿ ಬಿದ್ದಿವೆ. ಕೆಲಸಗಾರರು ಸಿದ್ದಾಪುರ, ಗೋಣಿಕೊಪ್ಪ, ಸುಂಟಿಕೊಪ್ಪ ಕಡೆಗಳಿಂದ ದಿನವೂ ವಾಹನದಲ್ಲಿ ಬಂದು ಹೋಗುತ್ತಾರೆ; ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ಗಳಿಂದ ಕೊಯ್ಲಿಗೆಂದೇ ಬಂದವರು ಒಂದು ತೋಟ ಮುಗಿಸಿ ಇನ್ನೊಂದಕ್ಕೆ ಹೋಗುತ್ತಾರೆ. ತೋಟದೊಳಗೆ ವಾಹನಗಳು ಹೆಚ್ಚಿದವು, ಆ ತೋಟ ಬಲ್ಲ ಕಾಲುಗಳು ಕಡಿಮೆಯಾದವು. ಎರಡನೆಯ ಕಾರಣ ಕಾನೂನು. ಕಾರ್ಖಾನೆ ಕಾಯ್ದೆ, ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಮುಂತಾದವನ್ನು ಒಂದುಗೂಡಿಸಿದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2020ರಲ್ಲೇ ಸಂಸತ್ತಿನಲ್ಲಿ ಅಂಗೀಕಾರವಾಗಿತ್ತಾದರೂ ಅದನ್ನು ಜಾರಿಗೆ ತಂದದ್ದು 2025ರ ನವೆಂಬರ್ 21ರಂದು. ಆ ದಿನ ಕೊಡಗಿನಲ್ಲಿ ಅರೇಬಿಕಾ ಹಣ್ಣಾಗುತ್ತಿದ್ದ ಹೊತ್ತು.

ಅಪಾಯ ಎಲ್ಲಿ ಕೂಡಿಕೊಳ್ಳುತ್ತದೆ ಎಂಬುದನ್ನು ನೋಡಲು ಸಂಜೆಯ ತೂಕದ ಹೊತ್ತಿಗಿಂತ ಒಳ್ಳೆಯ ಸಮಯವಿಲ್ಲ. ನಾಲ್ಕು ಗಂಟೆ ದಾಟಿದ ಮೇಲೆ ಕುಯ್ದ ಹಣ್ಣನ್ನು ಚೀಲದಲ್ಲಿ ತಲೆಯ ಮೇಲೆ ಹೊತ್ತು ಎಲ್ಲರೂ ತೋಟದ ದಾರಿಗೆ ಇಳಿಯುತ್ತಾರೆ. ದಾರಿಯ ಒಂದು ಬದಿಗೆ ಬರೆ, ಅಂದರೆ ಗುಡ್ಡ ಕಡಿದು ಉಳಿದ ಕಡಿದಾದ ಮಣ್ಣಿನ ಗೋಡೆ, ಇನ್ನೊಂದು ಬದಿಗೆ ಗಿಡಗಳ ಸಾಲು, ನಡುವೆ ಹತ್ತು ಹನ್ನೆರಡು ಅಡಿ ಜಾಗ. ಲೆಕ್ಕ ಬರೆಯುವ ರೈಟರ್ ಪುಸ್ತಕ ಹಿಡಿದು ನಿಂತಿರುತ್ತಾರೆ, ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿ ತಕ್ಕಡಿಗೆ ಚೀಲ ಸಿಕ್ಕಿಸುತ್ತಿರುತ್ತಾನೆ. ತೂಕವಾದ ಚೀಲಗಳನ್ನು ಟ್ರೈಲರ್‌ಗೆ ಎಸೆಯುವ ಇಬ್ಬರು ಗಂಡಾಳುಗಳು, ತಮ್ಮ ಸರದಿಗಾಗಿ ಚೀಲದ ಮೇಲೇ ಕೂತ ಹೆಂಗಸರು, ಟ್ರೈಲರ್ ಹಿಂದೆ ಚೆಲ್ಲಿದ ಹಣ್ಣನ್ನು ಬಗ್ಗಿ ಹೆಕ್ಕುವ ಒಬ್ಬಾಕೆ, ಶಾಲೆ ಬಿಟ್ಟು ಅಮ್ಮನನ್ನು ಹುಡುಕಿಕೊಂಡು ಬಂದ ಮಗು. ಅಷ್ಟರಲ್ಲಿ ಚೀಲಗಳ ರಾಶಿ ಇನ್ನಷ್ಟು ಹತ್ತಿರವಾಗಲಿ ಎಂದು ಚಾಲಕ ಟ್ರ್ಯಾಕ್ಟರನ್ನು ನಾಲ್ಕು ಅಡಿ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಅಪಘಾತ ಎಂದರೆ ವೇಗ ಎಂದೇ ನಾವು ಭಾವಿಸಿರುತ್ತೇವೆ. ಆದರೆ ಕೆಲಸದ ಜಾಗದಲ್ಲಿ ಜೀವಕ್ಕೆ ಎರವಾಗುವುದು ಬಹಳ ಸಲ ಈ ನಾಲ್ಕು ಅಡಿಯ ಚಲನೆಯೇ.

ಯಾಕೆಂಬುದನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡಬೇಕು. ನಡೆಯುವ ವೇಗದಲ್ಲಿ, ಅಂದರೆ ಗಂಟೆಗೆ 5 ಕಿ.ಮೀ.ನಂತೆ ಹಿಂದೆ ಬರುವ ವಾಹನ ಒಂದು ಸೆಕೆಂಡಿಗೆ 1.4 ಮೀಟರ್ ಸರಿಯುತ್ತದೆ. ಹಿಂದೆ ನಾಲ್ಕು ಮೀಟರ್ ದೂರದಲ್ಲಿ ಕುಕ್ಕರಗಾಲಲ್ಲಿ ಕೂತವಳಿಗೆ ಸಿಗುವುದು ಮೂರು ಸೆಕೆಂಡಿಗಿಂತ ಕಡಿಮೆ ಸಮಯ. ಆ ಅವಧಿಯಲ್ಲಿ ಶಬ್ದ ಕೇಳಿ, ಅದು ತನ್ನತ್ತಲೇ ಬರುತ್ತಿದೆ ಎಂದು ಅರಿತು, ಎದ್ದು, ಬದಿಗೆ ಸರಿಯಬೇಕು. ಬರೆಯ ಕಡೆ ಸರಿದರೆ ಸರಿದೂ ಉಪಯೋಗವಿಲ್ಲ. ಟ್ರೈಲರ್‌ಗೂ ಬರೆಗೂ ನಡುವೆ ಸಿಕ್ಕಿಕೊಳ್ಳುವುದು ಗುಡ್ಡಗಾಡಿನ ತೋಟಗಳಿಗೇ ವಿಶಿಷ್ಟವಾದ ಅಪಾಯ; ಬಯಲುಸೀಮೆಯ ಹೊಲದಲ್ಲಿ ಹಿಂದೆ ಸರಿಯಲು ಜಾಗವಾದರೂ ಇರುತ್ತದೆ.

ಚಾಲಕನಿಗೆ ಏನು ಕಾಣುತ್ತದೆ ಎಂಬುದು ಇದರ ಇನ್ನೊಂದು ಮುಖ. ಟ್ರ್ಯಾಕ್ಟರ್ ಚಾಲಕ ಎತ್ತರದಲ್ಲಿ ಕೂತಿರುವುದರಿಂದ ಅವನಿಗೆ ಎಲ್ಲವೂ ಕಾಣುತ್ತದೆಂದು ನಿಂತವರು ನಂಬಿರುತ್ತಾರೆ. ಟ್ರೈಲರ್ ಮೇಲೆ ಚೀಲಗಳು ಎದೆಮಟ್ಟಕ್ಕೆ ಏರಿದ ಮೇಲೆ ಅದರ ಹಿಂಬದಿಯ ಹಲಗೆಗೆ ಹತ್ತಿರವಿರುವ ಯಾರೂ ಅವನಿಗೆ ಕಾಣುವುದಿಲ್ಲ. ಬಗ್ಗಿದವರು, ಕೂತವರು, ಮಕ್ಕಳು ಕಾಣುವ ಮಾತೇ ಇಲ್ಲ. ಪಿಕಪ್‌ಗೆ ಟಾರ್ಪಾಲ್ ಕಟ್ಟಿದರೆ ನಡುಗನ್ನಡಿ ಇದ್ದೂ ಇಲ್ಲದಂತೆ. ಲಾರಿಯಲ್ಲಿ ಮೂತಿಯ ಕೆಳಗೆ ಮತ್ತು ಎಡಬಾಗಿಲ ಪಕ್ಕದಲ್ಲಿ ನಿಂತವರು ಚಾಲಕನ ಕಣ್ಣಿಗೆ ಬೀಳುವುದಿಲ್ಲ. ಟ್ರೈಲರ್‌ಗೆ ಇನ್ನೊಂದು ಗುಣವಿದೆ: ತಿರುವಿನಲ್ಲಿ ಅದರ ಚಕ್ರ ಟ್ರ್ಯಾಕ್ಟರ್ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಬದಿಗೆ ಕತ್ತರಿಸಿಕೊಂಡು ಬರುತ್ತದೆ. ಟ್ರ್ಯಾಕ್ಟರ್ ತನ್ನನ್ನು ದಾಟಿತು ಎಂದು ತಿರುವಿನ ಒಳಮಗ್ಗುಲಲ್ಲಿ ನಿಶ್ಚಿಂತೆಯಿಂದ ನಿಂತವರ ಕಾಲ ಮೇಲೆ ಅದು ಹರಿಯಬಹುದು. ಕಾರುಗಳಲ್ಲಿ ಹಿಂದೆ ಯಾರಾದರೂ ಇದ್ದರೆ ಕೂಗಿ ಹೇಳುವ ಸೆನ್ಸರ್‌ಗಳು 2019ರ ಜುಲೈ 1ರಿಂದ ಕಡ್ಡಾಯವಾಗಿವೆ. ಆ ನಿಯಮ ಪ್ರಯಾಣಿಕರ ಕಾರಿಗೆ ಮಾಡಿದ್ದು. ಬೆನ್ನಿಗೆ ಕಣ್ಣೇ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್‌ಗೆ ಅದು ಅನ್ವಯಿಸುವುದಿಲ್ಲ.

ಮುಂದಕ್ಕೆ ಓಡುವಾಗ ಲೆಕ್ಕವೇ ಬೇರೆ. ಗಂಟೆಗೆ 20 ಕಿ.ಮೀ. ಎಂಬುದು ತೋಟದ ದಾರಿಯಲ್ಲಿ ಯಾರಿಗೂ ಜೋರು ಅನಿಸದ ವೇಗ. ಅಪಾಯ ಕಂಡು ಬ್ರೇಕಿನ ಮೇಲೆ ಕಾಲಿಡಲು ಚಾಲಕನಿಗೆ ಒಂದೂವರೆ ಸೆಕೆಂಡು ಬೇಕೆಂದರೆ ಅಷ್ಟರಲ್ಲೇ ವಾಹನ ಎಂಟು ಮೀಟರ್ ಮುಂದೆ ಬಂದಿರುತ್ತದೆ. ಒಣ ನೆಲದಲ್ಲಿ ಅದು ನಿಲ್ಲಲು ಇನ್ನೆರಡು ಮೀಟರ್ ಸಾಕು. ನೆಲ ಒದ್ದೆಯಾಗಿ ಕೆಮ್ಮಣ್ಣು ಜಾರುತ್ತಿದ್ದರೆ ಐದು ಮೀಟರ್. ಹತ್ತಡಿಗೆ ಒಂದಡಿ ಇಳಿಯುವ ಒದ್ದೆ ಇಳಿಜಾರಾದರೆ ಎಂಟು ಮೀಟರ್ ಹತ್ತಿರ. ಹೀಗೆ ಒಟ್ಟು ಹದಿನಾರು ಮೀಟರ್ ಆಗುವ ಈ ದೂರ, ವೇಗವನ್ನು 10 ಕಿ.ಮೀ.ಗೆ ಇಳಿಸಿದರೆ ಅದೇ ಇಳಿಜಾರಿನಲ್ಲಿ ಸುಮಾರು ಆರು ಮೀಟರ್‌ಗೆ ಬರುತ್ತದೆ. ಬಹಳಷ್ಟು ಕೃಷಿ ಟ್ರೈಲರ್‌ಗಳಿಗೆ ಸ್ವಂತ ಬ್ರೇಕ್ ಇರುವುದಿಲ್ಲ, 50 ಕೆ.ಜಿ.ಯ 60 ಚೀಲ ಎಂದರೆ ಮೂರು ಟನ್ ಭಾರ ಹಿಂದಿನಿಂದ ತಳ್ಳುತ್ತಿರುತ್ತದೆ ಎಂಬುದನ್ನು ಇದಕ್ಕೆ ಸೇರಿಸಿಕೊಂಡರೆ ಮೇಲಿನ ಅಂಕಿಗಳು ಉದಾರವಾದವೇ. ಕೊಡಗಿನ ತೋಟದ ದಾರಿಯಲ್ಲಿ ಹದಿನಾರು ಮೀಟರ್ ನೇರಕ್ಕೆ ಕಾಣುವ ಜಾಗ ಎಷ್ಟಿದೆ ಎಂದು ಓದುಗರು ತಮ್ಮ ತಮ್ಮ ತೋಟವನ್ನು ನೆನಪಿಸಿಕೊಂಡು ನೋಡಬಹುದು.

ಶಬ್ದದ ಮೇಲೂ ಭರವಸೆ ಇಡುವಂತಿಲ್ಲ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡುತ್ತಿರುವಾಗ, ಕಳೆ ಕತ್ತರಿಸುವ ಯಂತ್ರ ಹೆಗಲಿಗೇರಿರುವಾಗ, ಮಳೆಗಾಲದಲ್ಲಿ ಶೀಟಿನ ಮೇಲೆ ನೀರು ಸುರಿಯುವಾಗ, ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡಾಗ ಹಾರ್ನ್ ಕೂಡ ಕೇಳುವುದಿಲ್ಲ. ಈಚೆಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕುಯ್ಯುವವರೂ ಇದ್ದಾರೆ. ಅದನ್ನು ಬೈಯುವುದು ಸುಲಭ. ದಿನವಿಡೀ ಒಂದೇ ಕೆಲಸ ಮಾಡುವವರು ಹಾಡು ಕೇಳಬಾರದು ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಗಿಡದ ನಡುವೆ ಕೇಳಲಿ, ದಾರಿಗೆ ಇಳಿಯುವಾಗ ತೆಗೆಯಲಿ ಎಂದರೆ ಸಾಕು.

ಸನ್ನೆಗಳ ವಿಷಯಕ್ಕೆ ಬಂದರೆ ನಮ್ಮಲ್ಲಿ ಒಂದು ಪದ್ಧತಿ ಇದ್ದೇ ಇದೆ. ಕ್ಲೀನರ್ ಹಿಂದೆ ನಿಂತು ‘ಬರ್ಲಿ, ಬರ್ಲಿ, ಹೋಲ್ಡಾನ್’ ಎನ್ನುತ್ತಾನೆ. ದನಿ ಕೇಳದಿದ್ದರೆ ಗಾಡಿಯ ಮೈಗೆ ತಟ್ಟುತ್ತಾನೆ, ಒಂದು ತಟ್ಟು ಎಂದರೆ ನಿಲ್ಲು, ಎರಡು ತಟ್ಟು ಎಂದರೆ ಹೋಗು. ಒಬ್ಬನೇ ತಟ್ಟುವಷ್ಟು ಕಾಲ ಇದು ಚೆನ್ನಾಗಿಯೇ ನಡೆಯುತ್ತದೆ. ತೊಂದರೆ ಇರುವುದು ತೋಟದಲ್ಲಿ ತಟ್ಟುವವರು ಬಹಳ ಮಂದಿ ಎಂಬುದರಲ್ಲಿ. ಚೀಲ ಎಸೆದವನು ಹಲಗೆಯ ಕೊಂಡಿ ಹಾಕಿದ ಸದ್ದು, ಮಣ್ಣು ಕೊಡವಲು ಯಾರೋ ಬಡಿದ ಸದ್ದು, ‘ಆಯ್ತು ಹೋಗಣ್ಣಾ’ ಎಂದು ಇನ್ಯಾರೋ ಉತ್ಸಾಹಕ್ಕೆ ತಟ್ಟಿದ್ದು, ಮುಂದೆ ಕೂತವನಿಗೆ ಇವೆಲ್ಲ ಒಂದೇ. ಜೊತೆಗೆ ಬಂಗಾಳಿ ಮಾತಾಡುವವರು, ತಮಿಳು, ಮಲಯಾಳ, ಎರವ ಭಾಷೆ ಮಾತಾಡುವವರು ಒಂದೇ ಟ್ರೈಲರ್ ಸುತ್ತ ಕೆಲಸ ಮಾಡುವಾಗ ‘ನಿಲ್ಲಿಸು’ ಎಂಬ ಕೂಗು ಎಷ್ಟು ಬಗೆಯಲ್ಲಿ ಬರಬಹುದು! ಆದ್ದರಿಂದ ಸನ್ನೆ ಕೊಡುವವನು ಒಬ್ಬನೇ, ಅವನ ಕೈಯಲ್ಲೊಂದು ಸೀಟಿ. ಅವನು ಕನ್ನಡಿಯಲ್ಲಿ ಕಾಣದಿದ್ದರೆ ಗಾಡಿ ಅಲುಗಕೂಡದು. ನಿಲ್ಲಿಸುವ ಸನ್ನೆಯನ್ನು ಮಾತ್ರ ಯಾರು ಬೇಕಾದರೂ ಕೊಡಬಹುದು. ಈ ನಿಯಮಕ್ಕೆ ತಗಲುವ ಖರ್ಚು ಸೀಟಿಯದ್ದು ಮಾತ್ರ. ಹಾಗೆಂದು ಸೀಟಿಯವನನ್ನೇ ಎಲ್ಲಕ್ಕೂ ಪರಿಹಾರವೆಂದು ತಿಳಿಯುವುದೂ ತಪ್ಪು. ಹಿಂದೆ ಬರುವ ವಾಹನದ ಹಿಂದೆಯೇ ಒಬ್ಬನನ್ನು ನಿಲ್ಲಿಸುತ್ತಿದ್ದೇವೆ. ಕಾಲು ಎಡವಿದರೆ ಮೊದಲ ಬಲಿ ಅವನೇ. ಅವನು ನಿಲ್ಲಬೇಕಾದ್ದು ಚಾಲಕನ ಬಲಗನ್ನಡಿಯ ನೇರಕ್ಕೆ, ಚಕ್ರದ ಜಾಡಿನಿಂದ ಹೊರಗೆ.

ಅಪಘಾತವಾದ ಮೇಲೆ ನಡೆಯುವುದು ಏನೆಂದು ಎಲ್ಲರಿಗೂ ಗೊತ್ತು. ಸಾವಾಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಚಾಲಕನ ಮೇಲೆ ನಿರ್ಲಕ್ಷ್ಯದ ಪ್ರಕರಣ ದಾಖಲಾಗುತ್ತದೆ. ತೂಕದ ಜಾಗವನ್ನು ತಿರುವಿನಲ್ಲಿ ಇಟ್ಟವರು ಯಾರು, ಹಿಂದೆ ತೆಗೆಯದೆ ಹೊರಗೆ ಹೋಗುವ ದಾರಿಯೇ ಇಲ್ಲದಂತೆ ಕಾಫಿ ಒಣಗಿಸುವ ಕಣ ಕಟ್ಟಿದವರು ಯಾರು, ಕತ್ತಲಾಗುವುದರೊಳಗೆ ಮೂರು ಟ್ರಿಪ್ ಮುಗಿಸು ಎಂದವರು ಯಾರು ಎಂಬ ಪ್ರಶ್ನೆಗಳು ಆ ಕಡತದಲ್ಲಿ ಅಪರೂಪಕ್ಕೂ ಕಾಣಿಸಿಕೊಳ್ಳುವುದಿಲ್ಲ. ಚಾಲಕನದ್ದು ತಪ್ಪೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಮನುಷ್ಯನೆಂದ ಮೇಲೆ ದಿನಕ್ಕೊಮ್ಮೆ ಗಮನ ತಪ್ಪುತ್ತದೆ. ಆ ಒಂದು ಸಲವೂ ಯಾರ ಮೈಮೇಲೂ ಗಾಡಿ ಹರಿಯದಂತೆ ಜಾಗವನ್ನು ರೂಪಿಸಲು ಸಾಧ್ಯವಿರುವುದು ಮಾಲೀಕನಿಗೆ ಮಾತ್ರ. ಬ್ರಿಟನ್ನಿನಲ್ಲಿ ಕೆಲಸದ ಜಾಗದ ಸಾವುಗಳ ವಾರ್ಷಿಕ ಪಟ್ಟಿಯಲ್ಲಿ, ಎತ್ತರದಿಂದ ಬೀಳುವುದರ ಜೊತೆಜೊತೆಗೆ, ಚಲಿಸುವ ವಾಹನ ಬಡಿದು ಆದ ಸಾವುಗಳು ವರ್ಷ ವರ್ಷವೂ ಮೇಲಿನ ಸ್ಥಾನಗಳಲ್ಲಿ ಇರುತ್ತವೆ. ಅಲ್ಲಿನ 1992ರ ನಿಯಮಾವಳಿ ಚಾಲಕನಿಂದ ಶುರುಮಾಡುವುದಿಲ್ಲ. ನಡೆಯುವವರೂ ವಾಹನಗಳೂ ಸುರಕ್ಷಿತವಾಗಿ ಓಡಾಡುವಂತೆ ಕೆಲಸದ ಜಾಗವನ್ನೇ ವ್ಯವಸ್ಥೆಗೊಳಿಸಬೇಕು ಎಂದು ಮಾಲೀಕನಿಗೆ ಹೇಳುತ್ತದೆ. ಜಾಗ, ವಾಹನ, ಚಾಲಕ ಎಂಬ ಅನುಕ್ರಮ ಅಲ್ಲಿಯದು. ನಮ್ಮಲ್ಲಿ ಅದು ತಲೆಕೆಳಗಾಗಿದೆ.

ಜಾಗ ಬೇರ್ಪಡಿಸುವುದು ಎಂದೊಡನೆ ಲಕ್ಷಗಟ್ಟಲೆ ಖರ್ಚಿನ ಕಲ್ಪನೆ ಬರುತ್ತದೆ. ಸುಂಟಿಕೊಪ್ಪ ಕಡೆಯ ಒಂದು ತೋಟದ ಕಣದಲ್ಲಿ ನಾನು ನೋಡಿದ ವ್ಯವಸ್ಥೆಗೆ ಖರ್ಚೇ ಇಲ್ಲವೆನ್ನಬೇಕು. ಅಲ್ಲಿ ಲಾರಿ ಮೊದಲು ಕಣದ ನಡುವಿನವರೆಗೂ ಬಂದು, ಚೆರ್ರಿ ಗುಡ್ಡೆಗಳ ಮಧ್ಯೆಯೇ ತಿರುಗಿಸಿಕೊಳ್ಳುತ್ತಿತ್ತಂತೆ. ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಿದ ಮೇಲೆ ಗುಡ್ಡೆಯ ಆ ಬದಿಗೆ ಯಾರಿದ್ದಾರೆಂದು ಈ ಬದಿಯವರಿಗೆ ಕಾಣುವಂತಿರಲಿಲ್ಲ. ಈಗ ಕಣದ ಅಂಚಿಗೆ, ಸೊಂಟದೆತ್ತರಕ್ಕೆ, ತೋಟದಲ್ಲೇ ಕಡಿದ ಸಿಲ್ವರ್ ಓಕ್ ಗೂಟಗಳನ್ನು ನೆಟ್ಟು ಅಡ್ಡಮರ ಕಟ್ಟಿದ್ದಾರೆ. ಲಾರಿ ಗೂಟದ ಹೊರಗೇ ನಿಲ್ಲುತ್ತದೆ. ಚೀಲವನ್ನು ಹದಿನೈದು ಹೆಜ್ಜೆ ಹೊತ್ತು ತಂದು ತುಂಬಿಸಬೇಕು. ಹಮಾಲಿಗಳು ಮೊದಲು ಗೊಣಗಿದರು, ಗೊಣಗಲು ಅವರಿಗೆ ಕಾರಣವೂ ಇತ್ತು. ಚೀಲಕ್ಕೆ ಇಷ್ಟೆಂದು ಕೂಲಿ ಹೆಚ್ಚಿಸಿದ ಮೇಲೆ ಸುಮ್ಮನಾದರು. ಕಣದಲ್ಲಿ ಹಾರೆ, ಹಲಗೆ ಹಿಡಿದು ಕಾಫಿ ಎಳೆಯುವ ಹೆಂಗಸರಿಗೆ ಮಾತ್ರ ಈಗ ಬೆನ್ನ ಹಿಂದೆ ನೋಡಿಕೊಳ್ಳುವ ಕೆಲಸವಿಲ್ಲ. ಹಳೆಯ ಪಲ್ಪರ್ ಮನೆಯ ಹಿಂದೆ ಬಳಸದೆ ಬಿದ್ದಿದ್ದ ಗಾಡಿದಾರಿಯನ್ನು ಸರಿಮಾಡಿಸಿ, ಲಾರಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುವಂತೆಯೂ ಮಾಡಿದ್ದಾರೆ. ಹಿಂದೆ ತೆಗೆಯುವ ಅಗತ್ಯವೇ ಇಲ್ಲದಂತೆ ಮಾಡುವುದಕ್ಕಿಂತ ದೊಡ್ಡ ಸುರಕ್ಷತೆ ಇನ್ನೊಂದಿಲ್ಲ. ಆಮೇಲೆ ಕ್ಯಾಮೆರಾ, ಸೆನ್ಸರ್, ಸೀಟಿ ಯಾವುದರ ಮೇಲೂ ಅಷ್ಟಾಗಿ ಅವಲಂಬಿಸಬೇಕಿಲ್ಲ.

ಆದರೆ ಇಂಥ ಸೌಕರ್ಯ ಎಲ್ಲ ತೋಟಗಳಲ್ಲೂ ಇರುವುದಿಲ್ಲ. ಬರೆಯನ್ನು ಇನ್ನಷ್ಟು ಕಡಿದು ದಾರಿ ಅಗಲಿಸಿ ಎಂದು ಯಾರಾದರೂ ಸಲಹೆ ಕೊಟ್ಟರೆ, 2018ರ ಆಗಸ್ಟ್‌ನ ಭೂಕುಸಿತ ಕಂಡ ಕೊಡಗಿನಲ್ಲಿ ಅದನ್ನು ಒಪ್ಪಿಕೊಳ್ಳುವುದು ಕಷ್ಟ. ಬರೆ ಕಡಿದಷ್ಟೂ ಮಳೆಗಾಲದಲ್ಲಿ ಕುಸಿಯುವ ಭಯ. ಜಾಗ ಬೇರ್ಪಡಿಸಲು ಆಗದ ಕಡೆ ಹೊತ್ತನ್ನು ಬೇರ್ಪಡಿಸುವುದೇ ನಮ್ಮ ನೆಲಕ್ಕೆ ಒಗ್ಗುವ ಉಪಾಯ ಎಂದು ನನಗನ್ನಿಸುತ್ತದೆ. ತೂಕ ನಡೆಯುವಷ್ಟು ಹೊತ್ತು ಟ್ರ್ಯಾಕ್ಟರ್ ಎಂಜಿನ್ ನಿಲ್ಲಿಸಿ, ಕೀಲಿಕೈಯನ್ನು ರೈಟರ್ ಕೈಗೆ ಕೊಡುವುದು; ತೂಕ ಮುಗಿದು ಜನ ಗಿಡಗಳ ಸಾಲಿನೊಳಕ್ಕೋ ಮೇಲಿನ ಕಟ್ಟೆಗೋ ಸರಿದ ಮೇಲೆ ಕೀಲಿಕೈ ಚಾಲಕನಿಗೆ ಮರಳುವುದು. ಕೀಲಿಕೈ ಯಾರ ಜೇಬಿನಲ್ಲಿದೆ ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ, ಯಾವ ಭಾಷೆಯೂ ಬೇಕಿಲ್ಲ. ಬೆಳಿಗ್ಗೆ ಜನರನ್ನು ಇಳಿಸುವ ಜೀಪು ಗೇಟಿನ ಬಳಿಯೇ ನಿಲ್ಲಲಿ. ಎಲ್ಲರೂ ತಮ್ಮ ತಮ್ಮ ಬ್ಲಾಕ್ ಸೇರುವವರೆಗೆ, ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ, ಒಳಗೆ ಯಾವ ವಾಹನವೂ ಹೊರಡದಿರಲಿ. ಆನೆ ಬಂದಿದೆ ಎಂಬ ಸುದ್ದಿ ಇದ್ದ ದಿನ ಕೆಲಸಗಾರರು ಗಿಡಗಳ ನಡುವಿನ ಕಾಲುದಾರಿ ಬಿಟ್ಟು ಗಾಡಿದಾರಿಯಲ್ಲೇ ಗುಂಪಾಗಿ ನಡೆಯುತ್ತಾರೆ. ಅಂಥ ದಿನ ಈ ಬಿಡುವು ಇನ್ನೂ ಉದ್ದವಿರಬೇಕು. ಡಿಸೆಂಬರ್‌ನ ಮಂಜು ಕವಿದ ಬೆಳಗಿಗೂ ಇದೇ ಮಾತು ಸಲ್ಲುತ್ತದೆ.

ಇಳಿಜಾರಿನಲ್ಲಿ ನಿಲ್ಲಿಸಿದ ವಾಹನದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಟೈರಿಗೆ ಕಲ್ಲು ಕೊಡುವ ರೂಢಿ ನಮ್ಮಲ್ಲಿ ಹಳೆಯದು, ಒಳ್ಳೆಯದೂ ಹೌದು. ಆದರೆ ಕೈಗೆ ಸಿಕ್ಕ ಉರುಟು ಕಲ್ಲು ಒದ್ದೆ ನೆಲದಲ್ಲಿ ಜಾರುತ್ತದೆ, ತುಂಬಿದ ಭಾರಕ್ಕೆ ಹೂತುಹೋಗುತ್ತದೆ. ಅದಕ್ಕಿಂತ ಅಪಾಯದ್ದು ಕಲ್ಲು ತೆಗೆಯುವ ಕ್ಷಣ: ತೆಗೆಯುವವನು ಚಕ್ರದ ಮುಂದೆಯೇ ಬಗ್ಗಿರುತ್ತಾನೆ, ಚಾಲಕ ಅದೇ ಹೊತ್ತಿಗೆ ಕ್ಲಚ್ ಬಿಡುತ್ತಿರುತ್ತಾನೆ. ಇಳಿಜಾರಾಗಿ ಕೊಯ್ದ ಮರದ ತುಂಡಿಗೆ ಹಗ್ಗ ಕಟ್ಟಿ ಟ್ರೈಲರ್‌ಗೇ ತೂಗಿಹಾಕಿಟ್ಟರೆ ಬದಿಯಲ್ಲಿ ನಿಂತೇ ಎಳೆದು ತೆಗೆಯಬಹುದು. ಮಡ್‌ಗಾರ್ಡ್ ಮೇಲೆ, ಟ್ರ್ಯಾಕ್ಟರ್‌ಗೂ ಟ್ರೈಲರ್‌ಗೂ ನಡುವಿನ ಕೊಂಡಿಯ ಮೇಲೆ ನಿಂತು ಹೋಗುವ ಅಭ್ಯಾಸಕ್ಕೆ ಮಾತ್ರ ಯಾವ ಸಮಾಧಾನವೂ ಇಲ್ಲ. ಜಾರಿದವನು ಬೀಳುವುದು ದೊಡ್ಡ ಚಕ್ರದ ಮುಂದಕ್ಕೇ.

ತೋಟದಿಂದ ಹೊರಟ ಒಣ ಕಾಫಿ ಸೇರುವ, ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ಕಾರ್ಖಾನೆಗಳಲ್ಲಿ, ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಂಥ ಕಡೆ, ನೆಲ ಸಮತಟ್ಟಾಗಿದೆ, ಜಾಗ ವಿಶಾಲವಾಗಿದೆ. ಅಲ್ಲಿ ಹೊತ್ತಿಗಿಂತ ಜಾಗವನ್ನೇ ಬೇರ್ಪಡಿಸಬಹುದು, ಬೇರ್ಪಡಿಸದಿರಲು ನೆಪವಿಲ್ಲ. ಲಾರಿ ತೂಗುವ ವೇಬ್ರಿಡ್ಜ್ ಮುಂದೆ ಲಾರಿಗಳು ಸಾಲುಗಟ್ಟುವುದು ಮತ್ತು ಗಾರ್ಬ್ಲಿಂಗ್‌ಗೆ, ಅಂದರೆ ಕೆಟ್ಟ ಬೀಜ ಆರಿಸಿ ತೆಗೆಯುವ ಕೆಲಸಕ್ಕೆ, ಬರುವ ಹೆಂಗಸರು ಒಳಗೆ ಬರುವುದು ಒಂದೇ ಗೇಟಿನಿಂದಾದರೆ, ಇನ್ನೊಂದು ಸಣ್ಣ ಗೇಟು ಮಾಡಿಸುವುದು ಮೊದಲ ಕೆಲಸ. ಗೋಡೌನಿನ ಕತ್ತಲಿನಿಂದ ಹೊರಬರುವ ಫೋರ್ಕ್‌ಲಿಫ್ಟ್ ಚಾಲಕನಿಗೆ ಬಿಸಿಲಿನಲ್ಲಿ ಕೆಲವು ಕ್ಷಣ ಏನೂ ಕಾಣುವುದಿಲ್ಲ. ಎದುರಿಗೆ ಚೀಲಗಳಿದ್ದರಂತೂ ಕೇಳುವುದೇ ಬೇಡ. ಬಾಗಿಲ ಮುಂದೆ ನಡೆಯುವ ಜಾಡಿದ್ದರೆ ಅದನ್ನು ಬಣ್ಣ ಬಳಿದು ಗುರುತಿಸಿದರೆ ಸಾಲದು, ಕಂಬಿ ಹಾಕಬೇಕು. ಬಣ್ಣದ ಗೆರೆ ಹೊಸದಾಗಿದ್ದಾಗ ಎಲ್ಲರೂ ಪಾಲಿಸುತ್ತಾರೆ, ಆರು ತಿಂಗಳಲ್ಲಿ ಅದರ ಮೇಲೆಯೇ ಚೀಲ ಒಟ್ಟಿರುತ್ತಾರೆ.

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ತಡೆಗೋಡೆ ಕಟ್ಟುವವರೂ ನಡೆದಾಡುವ ಕೆಲಸಗಾರರೇ. ಅವರಿಗೆ ಒಂದು ಕಡೆ ಪ್ರವಾಸಿಗರ ಕಾರು, ಇನ್ನೊಂದು ಕಡೆ ತಮ್ಮದೇ ಟಿಪ್ಪರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ 55 ಎಂಬ ಮಾರ್ಗಸೂಚಿ ಕಾಮಗಾರಿ ಜಾಗದ ಫಲಕ, ಕೋನ್, ಬಾವುಟಗಾರ ಎಲ್ಲವನ್ನೂ ವಿವರಿಸುತ್ತದೆ. ಮಣ್ಣು ಅಗೆಯುವ ಹಿಟಾಚಿ ಯಂತ್ರ ತಿರುಗುವಾಗ ಅದರ ಹಿಂಭಾಗದ ಭಾರ ಬರೆಯವರೆಗೂ ಬೀಸುತ್ತದೆ ಎಂಬುದನ್ನು ಮಾತ್ರ ಇಲ್ಲಿ ಸೇರಿಸಬೇಕು. ಬರೆಗೂ ಯಂತ್ರಕ್ಕೂ ನಡುವೆ ನೆರಳಿದೆಯೆಂದು ಕೂರುವ ಅಭ್ಯಾಸವನ್ನು ಯಾವ ಫಲಕವೂ ಬಿಡಿಸಿಲ್ಲ.

ಸುರಕ್ಷತೆ ಎಂದೊಡನೆ ಮೊದಲು ಖರೀದಿಯಾಗುವ ಹೊಳೆಯುವ ಜಾಕೆಟ್ಟನ್ನು ನಾನು ಕೊನೆಗೆ ಇಟ್ಟಿರುವುದು ಬೇಕೆಂದೇ. ಹಸಿರುಹಳದಿ ಜಾಕೆಟ್ ಡಾಂಬರು ರಸ್ತೆಯಲ್ಲಿ ಎದ್ದು ಕಾಣುತ್ತದೆ, ಕಾಫಿ ಎಲೆಗಳ ನಡುವೆ ಬೆರೆತುಹೋಗುತ್ತದೆ; ತೋಟಕ್ಕೆ ಕಿತ್ತಳೆ ಬಣ್ಣವೇ ಸರಿ. ಆ ಬಣ್ಣದ ಹೊಳಪಿಗೂ ಹಗಲ ಬೆಳಕು ಬೇಕು, ಮರದ ನೆರಳಲ್ಲಿ, ಸಂಜೆಯಲ್ಲಿ ಅದು ಮಂಕಾಗುತ್ತದೆ. ಬೆಳ್ಳಿಪಟ್ಟಿ ಮಿಂಚಬೇಕಾದರೆ ಹೆಡ್‌ಲೈಟ್ ಬೀಳಬೇಕು. ಹಿಂದೆ ಬರುವ ಟ್ರೈಲರ್‌ಗೆ ಹಿಂಬದಿಯಲ್ಲಿ ಅಂಥ ದೀಪವೆಲ್ಲಿದೆ? ಟ್ರೈಲರ್ ಹಿಂದೆ ಒಂದು ಕೆಲಸದ ದೀಪ ಕೂರಿಸಿ, ಆಮೇಲೆ ಜಾಕೆಟ್ ಕೊಟ್ಟರೆ ಎರಡಕ್ಕೂ ಅರ್ಥ ಬರುತ್ತದೆ.

ಈಗ ಕಾನೂನು. ಮೊದಲು ಹೇಳಿದ ಹೊಸ ವೃತ್ತಿ ಸುರಕ್ಷತಾ ಸಂಹಿತೆಯ 6ನೇ ಕಲಮು, ಗಾಯಕ್ಕೆ ಕಾರಣವಾಗುವ ಅಥವಾ ಆಗಬಹುದಾದ ಅಪಾಯಗಳಿಂದ ಕೆಲಸದ ಜಾಗವನ್ನು ಮುಕ್ತವಾಗಿಡುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸುತ್ತದೆ. ಹೊಣೆ ತಪ್ಪಿದ್ದರಿಂದ ಸಾವಾದರೆ ಎರಡು ವರ್ಷದವರೆಗಿನ ಸೆರೆ, ಇಲ್ಲವೇ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ; ಆ ದಂಡದ ಅರ್ಧಕ್ಕೆ ಕಡಿಮೆಯಿಲ್ಲದ ಮೊತ್ತವನ್ನು ಸತ್ತವರ ಕುಟುಂಬಕ್ಕೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ‘ಆಗಬಹುದಾದ’ ಎಂಬ ಭಾಗ ಮುಖ್ಯ. ಅಪಘಾತವಾಗುವ ಮೊದಲೇ, ತಿರುವಿನಲ್ಲಿ ತೂಕ ಮಾಡುವುದು ಅಪಾಯವೆಂದು ಕೆಲಸಗಾರರು ಹೇಳಿದ್ದರೆ, ಆಮೇಲೆ ಅದು ಕೇವಲ ಚಾಲಕನ ತಪ್ಪು ಎನ್ನುವುದು ಮಾಲೀಕನಿಗೆ ಕಷ್ಟವಾಗುತ್ತದೆ. ಆದರೆ ಈ ಸಂಹಿತೆ ಸಾಮಾನ್ಯವಾಗಿ ಹತ್ತು ಮತ್ತು ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಮಾಡಿದ್ದು. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ರಷ್ಟು 10 ಹೆಕ್ಟೇರಿಗಿಂತ ಚಿಕ್ಕವು. ಮನೆಯವರೂ ನಾಲ್ಕಾರು ಆಳುಗಳೂ ಸೇರಿ ನಡೆಸುವ ಅಂಥ ತೋಟ ವರ್ಷದ ಹೆಚ್ಚು ದಿನ ಕಾನೂನಿನ ಹೊರಗೇ ಉಳಿಯುತ್ತದೆ. ಕೊಯ್ಲಿನ ದಿನ ಇಪ್ಪತ್ತು ಮಂದಿ ಬಂದಾಗ ಒಳಗೆ ಬರುತ್ತದೆಯೇ ಎಂಬುದು ತಪಾಸಣೆಗೆ ಯಾರಾದರೂ ಬಂದರೆ ತಾನೆ ಏಳುವ ಪ್ರಶ್ನೆ.

ವಿಮೆಯ ವಿಚಾರದಲ್ಲಿ ಸಣ್ಣ ಬೆಳೆಗಾರರು ಇನ್ನೂ ಎಚ್ಚರದಿಂದಿರಬೇಕು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯವಾಗಿರುವುದು ಸಾರ್ವಜನಿಕ ಸ್ಥಳದಲ್ಲಿ ವಾಹನ ಬಳಸುವುದಕ್ಕೆ. ಸಾರ್ವಜನಿಕ ಸ್ಥಳವೆಂದರೆ ಜನರಿಗೆ ಪ್ರವೇಶಿಸುವ ಹಕ್ಕಿರುವ ರಸ್ತೆ, ದಾರಿ ಅಥವಾ ಬೇರೆ ಜಾಗ. ಬೇಲಿ, ಗೇಟು, ಕಾವಲುಗಾರ ಇರುವ ಆವರಣ ಇದರಲ್ಲಿ ಸೇರುತ್ತದೆಯೇ ಎಂಬ ಜಿಜ್ಞಾಸೆ ಹಳೆಯದು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ವಿಶಾಖಪಟ್ಟಣದ ಉಕ್ಕು ಕಾರ್ಖಾನೆಯ ಮುಚ್ಚಿದ ಆವರಣದೊಳಗಷ್ಟೇ ಓಡುವ ವಾಹನಗಳಿಗೆ ಮೋಟಾರು ವಾಹನ ತೆರಿಗೆ ಹಾಕುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಆ ಆವರಣ ಸಾರ್ವಜನಿಕ ಸ್ಥಳವಲ್ಲ ಎಂಬುದು ಅದರ ಆಧಾರ. ಅದು ತೆರಿಗೆಯ ಪ್ರಕರಣ, ಪರಿಹಾರದ್ದಲ್ಲ. ಆದರೂ ತೋಟದೊಳಗಿನ ಅಪಘಾತಕ್ಕೆ ವಾಹನದ ವಿಮೆ ಹೇಗಿದ್ದರೂ ಬರುತ್ತದೆ ಎಂದು ನಂಬಿ ಕೂರುವುದು ಜಾಣತನವಲ್ಲ. ಮಡ್‌ಗಾರ್ಡ್ ಮೇಲೆ ಕೂತು ಬಿದ್ದವರ ಪರಿಹಾರ ತಮಗೆ ಸಂಬಂಧಿಸಿದ್ದಲ್ಲ ಎಂದು ವಿಮಾ ಕಂಪನಿಗಳು ವಾದಿಸುವುದು ಹೊಸದೇನಲ್ಲ.

ಮಾಲೀಕನ ಹೊಣೆ ಮಾತ್ರ ಬೇಲಿಯೊಳಗೂ ತಪ್ಪುವುದಿಲ್ಲ. 1923ರ ಕಾಯ್ದೆಯಿಂದ ಬಂದು ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿರುವ ಪರಿಹಾರದ ನಿಯಮಕ್ಕೆ ಮಾಲೀಕನ ತಪ್ಪನ್ನು ಸಾಬೀತುಪಡಿಸಬೇಕಿಲ್ಲ. ಕೆಲಸದಿಂದಾಗಿ, ಕೆಲಸದ ಹೊತ್ತಿನಲ್ಲಿ ಅಪಘಾತವಾಯಿತು ಎಂದಾದರೆ ಸಾಕು. ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಶದಿಂದ ಗುಣಿಸುತ್ತಾರೆ. 40 ವರ್ಷಕ್ಕೆ ಆ ಅಂಶ 184.17. 2020ರಿಂದ ಲೆಕ್ಕಕ್ಕೆ ಹಿಡಿದ 15,000 ರೂಪಾಯಿಯ ಮಿತಿಯಂತೆ 7,500ನ್ನು ಇದರಿಂದ ಗುಣಿಸಿದರೆ ಹದಿಮೂರು ಲಕ್ಷದ ಎಂಬತ್ತು ಸಾವಿರ ದಾಟುತ್ತದೆ. ಐದು ಎಕರೆಯ ಬೆಳೆಗಾರನಿಗೆ ಇದು ಎಷ್ಟು ದೊಡ್ಡ ಮೊತ್ತವೆಂದು ಹೇಳಬೇಕಿಲ್ಲ, ಸತ್ತವಳ ಮಕ್ಕಳಿಗೆ ಎಷ್ಟು ಸಣ್ಣದೆಂದೂ ಹೇಳಬೇಕಿಲ್ಲ. ಕೆಲಸಗಾರರ ಹೆಸರಿನಲ್ಲಿ ಪ್ರತ್ಯೇಕ ಪರಿಹಾರ ವಿಮೆ ಮಾಡಿಸುವುದು ಇಬ್ಬರಿಗೂ ಒಳ್ಳೆಯದು.

ಸಣ್ಣ ತೋಟಗಳಿಗೆ ಇದನ್ನೆಲ್ಲ ಮುಟ್ಟಿಸುವವರು ಯಾರು? ತಪಾಸಣಾಧಿಕಾರಿಗಿಂತ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಂಥ ಕಡೆಯ ಮಾತನ್ನು ಬೆಳೆಗಾರರು ಹೆಚ್ಚು ಕೇಳುತ್ತಾರೆ. ಕಾಯಿಕೊರಕ, ಎಲೆತುಕ್ಕು, ಕಪಾತಿನ ಬಗ್ಗೆ ಹೇಳಿಕೊಡುವ ತರಬೇತಿಗಳಲ್ಲಿ ಕಣದ ನಕ್ಷೆಯನ್ನೂ ಸೇರಿಸಬಹುದು: ಒಂದು ಹಾಳೆಯಲ್ಲಿ ಕಣ, ಪಲ್ಪರ್, ಗೋಡೌನು, ಗೇಟು ಬರೆದು, ವಾಹನ ಓಡುವ ದಾರಿಯನ್ನು ಕೆಂಪಿನಲ್ಲೂ ಜನ ನಡೆಯುವ ದಾರಿಯನ್ನು ನೀಲಿಯಲ್ಲೂ ಎಳೆದರೆ, ಎರಡೂ ಎಲ್ಲೆಲ್ಲಿ ಕೂಡುತ್ತವೆ ಎಂಬುದು ತಾನಾಗಿಯೇ ಕಾಣುತ್ತದೆ. ಈ ಹಾಳೆಯನ್ನು ಬರೆಯುವಾಗ ಮಾಲೀಕರ ಜೊತೆ ಒಬ್ಬ ಚಾಲಕ, ಕಣದಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಕೂತಿರಲೇಬೇಕು. ಎಲ್ಲಿ ಸ್ವಲ್ಪದರಲ್ಲಿ ತಪ್ಪಿತು ಎಂಬುದು ಗೊತ್ತಿರುವುದು ಅವರಿಗೇ.

ಇಷ್ಟೆಲ್ಲ ಮಾಡಿದರೂ ಒಂದು ಗಂಟು ಉಳಿದೇ ಇರುತ್ತದೆ, ಅದು ದುಡ್ಡಿನದು. ಕೊಯ್ಲಿನ ಕೂಲಿ ಬಹುಪಾಲು ಕೆ.ಜಿ. ಲೆಕ್ಕದ್ದು. ತೂಕದ ಹೊತ್ತಿಗೆ ಟ್ರ್ಯಾಕ್ಟರ್ ನಿಂತಿದ್ದರೆ ಚಾಲಕನ ಟ್ರಿಪ್ ತಪ್ಪುತ್ತದೆ, ಟ್ರ್ಯಾಕ್ಟರ್ ಹೊರಡುವವರೆಗೆ ಜನ ಕಟ್ಟೆಯ ಮೇಲೆ ಕಾದರೆ ಊರಿಗೆ ಹೋಗುವ ಜೀಪಿಗೆ ತಡವಾಗುತ್ತದೆ, ಬೆಳಿಗ್ಗೆ ಗೇಟಿನಿಂದ ನಡೆದು ಬಂದರೆ ಅಷ್ಟು ಹೊತ್ತಿನ ಹಣ್ಣು ಕೈತಪ್ಪುತ್ತದೆ. ಕಾಯುವ ಹೊತ್ತಿಗೆ ಕೂಲಿ ಇಲ್ಲದಿದ್ದರೆ, ಮೂರನೆಯ ದಿನವೇ ಯಾರೋ ಒಬ್ಬರು ಓಡುತ್ತಿರುವ ಟ್ರೈಲರ್ ಪಕ್ಕದಲ್ಲಿ ಚೀಲ ಹಿಡಿದು ನಿಂತಿರುತ್ತಾರೆ, ರೈಟರ್ ಕೂಡ ನೋಡಿಯೂ ನೋಡದಂತಿರುತ್ತಾರೆ. ಆದ್ದರಿಂದ ಈ ಕಾಯುವ ಹೊತ್ತಿನ ಹಣವನ್ನು ಯಾರು ಕೊಡುತ್ತಾರೆ, ಕೆ.ಜಿ. ದರದಲ್ಲೇ ಸೇರಿಸುವುದೋ ದಿನಕ್ಕಿಷ್ಟೆಂದು ಬೇರೆ ಕೊಡುವುದೋ ಎಂಬುದು ಕೊಯ್ಲಿಗೆ ಮೊದಲು ಮೇಸ್ತ್ರಿಯೊಂದಿಗೆ ದರ ಮಾತಾಡುವ ದಿನವೇ ಇತ್ಯರ್ಥವಾಗಬೇಕು.